ಹತ್ತು ಗಜ ನೆಲ, ಏಳು ಸೆಕೆಂಡು ಕಾಲ: 1958ರ ಬಾಲ್ಟಿಮೋರ್ ಕೋಲ್ಟ್ಸ್ ತಂಡದ ವರ್ಷ

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ ಇರುತ್ತದೆ ಎಂಬ ಸುದ್ದಿ ಬಂದಾಗ ನಮ್ಮಲ್ಲಿ ಸಂಭ್ರಮವೋ ಸಂಭ್ರಮ. ಅದೇ ಪಟ್ಟಿಯಲ್ಲಿದ್ದ ಇನ್ನೊಂದು ಹೆಸರು ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ: ಫ್ಲ್ಯಾಗ್ ಫುಟ್‌ಬಾಲ್. ಅದು ಅಮೆರಿಕನ್ ಫುಟ್‌ಬಾಲಿನ ಸೌಮ್ಯ ರೂಪ. ಎದುರಾಳಿಯನ್ನು ಕೆಡವಬೇಕಾಗಿಲ್ಲ, ಅವನ ಸೊಂಟಕ್ಕೆ ಸಿಕ್ಕಿಸಿದ ಪಟ್ಟಿಯನ್ನು ಕಿತ್ತರೆ ಸಾಕು. ಮೂಲ ಆಟವನ್ನಂತೂ ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿಬಂದ ಅನೇಕ ಕನ್ನಡಿಗ ತಂದೆತಾಯಂದಿರು ನೋಡಿಯೇ ಇರುತ್ತಾರೆ. ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಹೆಲ್ಮೆಟ್ ತೊಟ್ಟ ದೈತ್ಯರು ಐದಾರು ಸೆಕೆಂಡು ಗುದ್ದಾಡುತ್ತಾರೆ, ಅರ್ಧ ನಿಮಿಷ ಸುಮ್ಮನೆ ನಿಲ್ಲುತ್ತಾರೆ, ಮತ್ತೆ ಗುದ್ದಾಡುತ್ತಾರೆ. ಮನೆಯವರೆಲ್ಲ ಕೂಗುತ್ತಿರುತ್ತಾರೆ. ಕೂಗಿದ್ದೇಕೆ ಎಂದು ಮಾತ್ರ ಹೊಸಬರಿಗೆ ತಿಳಿಯುವುದಿಲ್ಲ.

ಈ ಆಟವನ್ನು ನಿಯಮಗಳ ಪುಸ್ತಕದಿಂದ ಕಲಿಯುವುದು ಕಷ್ಟ. ಒಂದು ತಂಡದ ಒಂದು ವರ್ಷವನ್ನು ಬೆನ್ನುಹತ್ತಿದರೆ ಸುಲಭ. ಅದಕ್ಕೆ 1958ರ ಬಾಲ್ಟಿಮೋರ್ ಕೋಲ್ಟ್ಸ್‌ಗಿಂತ ಒಳ್ಳೆಯ ತಂಡ ನನಗೆ ತೋಚುವುದಿಲ್ಲ. ಆ ವರ್ಷ ಅವರು ಆಡಿದ ಕೊನೆಯ ಪಂದ್ಯದಲ್ಲಿ ಈ ಆಟದ ಮುಖ್ಯ ನಿಯಮಗಳೆಲ್ಲ ಒಂದೊಂದಾಗಿ ಪ್ರಾಣ ತಳೆದು ಎದ್ದು ಬಂದವು.

ಮೊದಲು ನೆಲ, ಆಮೇಲೆ ಗಡಿಯಾರ

ಅಮೆರಿಕನ್ ಫುಟ್‌ಬಾಲ್ ಮೂಲತಃ ನೆಲ ಗೆಲ್ಲುವ ಆಟ. ಮೈದಾನದ ಉದ್ದ ನೂರು ಗಜ. ಎರಡೂ ತುದಿಗಳಲ್ಲಿ ಹತ್ತು ಹತ್ತು ಗಜದ ಗುರಿಯ ಪಟ್ಟೆ. ಒಂದೊಂದು ತಂಡದಿಂದ ಹನ್ನೊಂದು ಮಂದಿ. ಚೆಂಡು ಯಾರ ಕೈಯಲ್ಲಿದೆಯೋ ಅವರು ಅದನ್ನು ಎದುರಾಳಿಯ ತುದಿಗೆ ಒಯ್ಯಬೇಕು, ಎದುರಾಳಿಗಳು ತಡೆಯಬೇಕು.

ಕಬಡ್ಡಿಯ ನಡುಗೆರೆಯನ್ನು ನೆನಪಿಸಿಕೊಳ್ಳಿ. ಆ ಗೆರೆ ಪ್ರತಿ ರೈಡಿನ ನಂತರವೂ ಜರುಗುತ್ತದೆ ಎಂದು ಕಲ್ಪಿಸಿಕೊಂಡರೆ ಅಮೆರಿಕನ್ ಫುಟ್‌ಬಾಲಿನ ಅರ್ಧ ಭಾಗ ಅರ್ಥವಾದಂತೆ. ಎರಡು ತಂಡಗಳೂ ಗೆರೆಯ ಆಚೆ ಈಚೆ ಮುಖಾಮುಖಿ ನಿಲ್ಲುತ್ತವೆ. ಚೆಂಡು ಹಿಡಿದವನು ನುಗ್ಗುತ್ತಾನೆ. ಅವನನ್ನು ಎಲ್ಲಿ ಕೆಡವಿದರೋ ಅಲ್ಲಿಗೆ ಗೆರೆ ಬರುತ್ತದೆ. ಮುಂದಿನ ಯತ್ನ ಅಲ್ಲಿಂದ.

ಇಂತಹ ಒಂದೊಂದು ಯತ್ನಕ್ಕೂ 'ಡೌನ್' ಎಂದು ಹೆಸರು. ನಾಲ್ಕು ಡೌನ್‌ಗಳೊಳಗೆ ಹತ್ತು ಗಜ ಮುಂದೆ ಹೋಗಲೇಬೇಕು. ಹತ್ತು ಗಜವೆಂದರೆ ಕ್ರಿಕೆಟ್ ಪಿಚ್ಚಿನ ಅರ್ಧಕ್ಕಿಂತ ತುಸು ಕಡಿಮೆ. ಹೋದರೆ ಲೆಕ್ಕ ಮತ್ತೆ ಒಂದರಿಂದ ಆರಂಭವಾಗಿ ಇನ್ನೂ ನಾಲ್ಕು ಅವಕಾಶ ಸಿಗುತ್ತವೆ. ಹೋಗದಿದ್ದರೆ ಚೆಂಡು ಅಲ್ಲಿಯೇ ಎದುರಾಳಿಯ ಪಾಲು. ಹಾಗಾಗಿ ಮೂರು ಡೌನ್‌ಗಳಲ್ಲಿ ಹತ್ತು ಗಜ ಆಗದಿದ್ದರೆ ತಂಡಗಳು ಸಾಮಾನ್ಯವಾಗಿ ನಾಲ್ಕನೆಯದರಲ್ಲಿ ಚೆಂಡನ್ನು ಕಾಲಿನಿಂದ ದೂರಕ್ಕೆ ಒದ್ದುಬಿಡುತ್ತವೆ. ಇದೇ 'ಪಂಟ್'. ಹೇಗೂ ಬಿಟ್ಟುಕೊಡಬೇಕಾದ ಚೆಂಡನ್ನು ನಮ್ಮ ಮನೆಯ ಬಾಗಿಲಲ್ಲಿ ಕೊಡುವುದಕ್ಕಿಂತ ಅವರ ಹಿತ್ತಲಿನಲ್ಲಿ ಕೊಡುವುದು ಮೇಲು ಎಂಬ ಲೆಕ್ಕಾಚಾರ.

ಮುಂದೆ ಹೋಗುವ ದಾರಿಗಳು ಎರಡು: ಹಿಡಿದುಕೊಂಡು ಓಡುವುದು, ಇಲ್ಲವೇ ಮುಂದಕ್ಕೆ ಎಸೆಯುವುದು. ಎಸೆಯಬೇಕೇ, ಓಡುವವನ ಕೈಗಿಡಬೇಕೇ ಎಂಬುದನ್ನು ನಡೆಸುವವನು ಕ್ವಾರ್ಟರ್‌ಬ್ಯಾಕ್. ಪ್ರತಿ ಡೌನಿನಲ್ಲೂ ಚೆಂಡು ಮೊದಲು ಅವನ ಕೈಗೆ ಬರುತ್ತದೆ. ಇಂದು ತರಬೇತುದಾರರು ಹೆಲ್ಮೆಟ್ಟಿನೊಳಗಿನ ರೇಡಿಯೋ ಮೂಲಕ ಅವನಿಗೆ ಸೂಚನೆ ಕೊಡುತ್ತಾರೆ. 1958ರಲ್ಲಿ ಕೋಲ್ಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ತಾನೇ ಯೋಚಿಸಿ, ತಾನೇ ತೀರ್ಮಾನಿಸಿ, ಸುತ್ತ ನಿಂತ ಹತ್ತು ಮಂದಿಗೆ ಪಿಸುಮಾತಿನಲ್ಲಿ ಹೇಳುತ್ತಿದ್ದ. ನಡುವೆ ಅವರು ಸುಮ್ಮನೆ ನಿಂತಂತೆ ಕಾಣುವುದು ಇದಕ್ಕೇ.

ಅಂಕಗಳ ವಿಷಯ ಸರಳ. ಚೆಂಡು ಗುರಿಯ ಪಟ್ಟೆಯೊಳಗೆ ಹೋದರೆ 'ಟಚ್‌ಡೌನ್', ಆರು ಅಂಕ. ಅದರ ನಂತರ ಒದೆತದಿಂದ ಇನ್ನೊಂದು ಅಂಕ. ಅಷ್ಟು ದೂರ ಹೋಗಲಾಗದಿದ್ದರೆ ಇದ್ದಲ್ಲಿಂದಲೇ ಕಂಬಗಳ ನಡುವೆ ಒದ್ದು ಮೂರು ಅಂಕ ಗಳಿಸಬಹುದು. ಅದು 'ಫೀಲ್ಡ್ ಗೋಲ್'.

ಇನ್ನು ಗಡಿಯಾರ. ಹದಿನೈದು ನಿಮಿಷಗಳ ನಾಲ್ಕು ಭಾಗ, ಒಟ್ಟು ಒಂದು ಗಂಟೆ. ಚೆಂಡು ಹಿಡಿದವನನ್ನು ಮೈದಾನದೊಳಗೆ ಕೆಡವಿದರೆ ಗಡಿಯಾರ ಓಡುತ್ತಲೇ ಇರುತ್ತದೆ. ಎಸೆತ ಯಾರ ಕೈಗೂ ಸಿಗದೆ ನೆಲಕ್ಕೆ ಬಿದ್ದರೆ ಅಥವಾ ಆಟಗಾರ ಪಕ್ಕದ ಗೆರೆ ದಾಟಿದರೆ ನಿಲ್ಲುತ್ತದೆ. ಮುಂದಿರುವ ತಂಡ ಕಾಲ ಕಳೆಯಲು ಓಡುತ್ತದೆ, ಹಿಂದಿರುವ ತಂಡ ಕಾಲ ಉಳಿಸಲು ಎಸೆಯುತ್ತದೆ. ಈ ಒಂದು ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ತಂಡ ಕಳೆದುಕೊಂಡಿದ್ದ ಊರು

ಬಾಲ್ಟಿಮೋರ್ ಅಮೆರಿಕದ ಪೂರ್ವ ಕರಾವಳಿಯ ಬಂದರು. ಆಗ ಅಲ್ಲಿ ಉಕ್ಕಿನ ಕಾರ್ಖಾನೆ, ಹಡಗುಕಟ್ಟೆ, ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು. ಹತ್ತಿರದ ನ್ಯೂಯಾರ್ಕ್, ವಾಷಿಂಗ್ಟನ್‌ಗಳ ಮುಂದೆ ಅದು ದುಡಿಯುವವರ ಊರು. ಹೆಸರಾಂತ ಕುದುರೆ ರೇಸು ನಡೆಯುವ ಊರಾದ್ದರಿಂದ ಫುಟ್‌ಬಾಲ್ ತಂಡಕ್ಕೂ 'ಕೋಲ್ಟ್ಸ್', ಅಂದರೆ ಮರಿಗುದುರೆಗಳು ಎಂಬ ಹೆಸರು ಬಂತು. ಹೆಲ್ಮೆಟ್ಟಿನ ಮೇಲೆ ಕುದುರೆಯ ಲಾಳ.

ಈ ಹೆಸರಿನ ಮೊದಲ ತಂಡ 1947ರಲ್ಲಿ ಬಂತು. 1950ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್, ಅಂದರೆ ಎನ್‌ಎಫ್‌ಎಲ್ ಸೇರಿತು. ಹನ್ನೆರಡು ಪಂದ್ಯಗಳಲ್ಲಿ ಹನ್ನೊಂದನ್ನು ಸೋತು, ಹಣವಿಲ್ಲದೆ ಮುಚ್ಚಿಹೋಯಿತು. ತಂಡ ಹೋದರೂ ತಂಡದ ವಾದ್ಯಮೇಳ ಹೋಗಲಿಲ್ಲ. ಪಂದ್ಯದ ದಿನ ಸಮವಸ್ತ್ರ ತೊಟ್ಟು ಮೈದಾನದಲ್ಲಿ ತಂಡದ ಹಾಡು ನುಡಿಸುತ್ತಿದ್ದ ಊರಿನ ಹವ್ಯಾಸಿಗಳು, ನುಡಿಸಲು ತಂಡವೇ ಇಲ್ಲದ ಎರಡು ವರ್ಷಗಳಲ್ಲೂ ಒಟ್ಟಿಗೇ ಉಳಿದರು.

1952ರ ಕೊನೆಯಲ್ಲಿ ಲೀಗಿನ ಮುಖ್ಯಸ್ಥ ಬರ್ಟ್ ಬೆಲ್ ಊರಿಗೊಂದು ಸವಾಲು ಹಾಕಿದರು. ಇಡೀ ವರ್ಷದ ಪಂದ್ಯಗಳ 15,000 ಟಿಕೆಟುಗಳನ್ನು ಆರು ವಾರಗಳಲ್ಲಿ ಮುಂಗಡವಾಗಿ ಮಾರಿದರೆ ಹೊಸ ತಂಡ ಕೊಡುವುದಾಗಿ ಹೇಳಿದರು. ಊರಿನವರು ಐದು ವಾರ ತುಂಬುವ ಮೊದಲೇ ಕೊಂಡು ಮುಗಿಸಿದರು. ಉದ್ಯಮಿ ಕ್ಯಾರಲ್ ರೋಸೆನ್‌ಬ್ಲೂಮ್ ಮಾಲೀಕರಾದರು. 1953ರಲ್ಲಿ ಕೋಲ್ಟ್ಸ್ ಮತ್ತೆ ಹುಟ್ಟಿತು.

ಆಗಿನ ಆಟಗಾರರ ಬದುಕು ಇಂದಿನ ಕೋಟ್ಯಧಿಪತಿಗಳದ್ದಲ್ಲ. ಆಟವಿಲ್ಲದ ತಿಂಗಳುಗಳಲ್ಲಿ ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡಬೇಕಿತ್ತು. ಕೋಲ್ಟ್ಸ್‌ನ ಕೆಲವರು ಊರಿನ ಉಕ್ಕಿನ ಕಾರ್ಖಾನೆಯಲ್ಲೇ ದುಡಿದರು. ಭಾನುವಾರ ಮೈದಾನದಲ್ಲಿ ಕಂಡವರು ವಾರದ ದಿನ ಅದೇ ಬೀದಿಯ ಅಂಗಡಿಯಲ್ಲಿ ಸಿಗುತ್ತಿದ್ದರು. ಆದರೆ ಈ ನಂಟು ಎಲ್ಲರಿಗೂ ಒಂದೇ ಆಗಿರಲಿಲ್ಲ. ತಂಡದ ಕಪ್ಪು ಆಟಗಾರ ಲೆನ್ನಿ ಮೂರ್ ಓಡಿದಾಗ ಎದ್ದು ನಿಂತು ಕೂಗುತ್ತಿದ್ದ ಊರಿನಲ್ಲೇ, ಕಪ್ಪು ಜನರನ್ನು ಒಳಗೆ ಬಿಡದ ಹೋಟೆಲುಗಳೂ ಚಿತ್ರಮಂದಿರಗಳೂ ಇದ್ದವು. ಗೆದ್ದ ಸಂಜೆ ತಂಡದ ಎಲ್ಲರೂ ಒಂದೇ ಮೇಜಿನಲ್ಲಿ ಕೂತು ಉಣ್ಣುವಂತಿರಲಿಲ್ಲ. ಆ ವರ್ಷದ ಗೆಲುವನ್ನು ನೆನೆಯುವಾಗ ಇದನ್ನು ಬಿಟ್ಟು ಹೇಳುವುದು ಸರಿಯಲ್ಲ.

ಬೇರೆಯವರು ಬಿಟ್ಟವರನ್ನು ಆಯ್ದು ಕಟ್ಟಿದ ತಂಡ

ಐಪಿಎಲ್‌ನಲ್ಲಿ ಹರಾಜು ನಡೆಯುತ್ತದೆ. ಹೆಚ್ಚು ಹಣ ಕೂಗಿದವರಿಗೆ ಆಟಗಾರ. ಎನ್‌ಎಫ್‌ಎಲ್ ಕ್ರಮ ಬೇರೆ. ಕಾಲೇಜು ಮುಗಿಸಿದ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಕೊನೆಯ ಸ್ಥಾನದಲ್ಲಿದ್ದ ತಂಡಕ್ಕೆ ಮೊದಲ ಸರದಿ. ಇದಕ್ಕೆ 'ಡ್ರಾಫ್ಟ್' ಎನ್ನುತ್ತಾರೆ. ಸೋತವರು ಸೋಲುತ್ತಲೇ ಇರಬಾರದು ಎಂಬುದು ಇದರ ಹಿಂದಿನ ವಿಚಾರ. 1936ರಲ್ಲಿ ಇದು ಜಾರಿಗೆ ಬಂದದ್ದು ಅದೇ ಬರ್ಟ್ ಬೆಲ್ ಅವರ ಸಲಹೆಯಿಂದ.

1954ರಲ್ಲಿ ತರಬೇತುದಾರರಾಗಿ ಬಂದ ವೀಬ್ ಯೂಬ್ಯಾಂಕ್, ಗೆಲ್ಲುವ ತಂಡ ಕಟ್ಟಲು ಐದು ವರ್ಷ ಬೇಕೆಂದು ಕೇಳಿಕೊಂಡಿದ್ದರು. ಅವರಿಗೆ ಮೊದಲ ಸರದಿಯಲ್ಲೇ ಸಿಕ್ಕ ಪ್ರತಿಭೆಗಳಿದ್ದವು: ಮಿಂಚಿನ ಓಟದ ಲೆನ್ನಿ ಮೂರ್, 'ಕುದುರೆ' ಎಂದೇ ಕರೆಸಿಕೊಂಡ ಅಲನ್ ಅಮೀಚಿ, ಕ್ವಾರ್ಟರ್‌ಬ್ಯಾಕನ್ನು ಗೋಡೆಯಂತೆ ಕಾಯುತ್ತಿದ್ದ ಜಿಮ್ ಪಾರ್ಕರ್. ಮಹಾಯುದ್ಧದಲ್ಲಿ ಹೋರಾಡಿ ಬಂದ ಗಿನೋ ಮಾರ್ಚೆಟ್ಟಿ ಮತ್ತು ಆರ್ಟ್ ಡಾನವನ್ ರಕ್ಷಣೆಯ ಸಾಲಿನಲ್ಲಿದ್ದರು. ಅವರ ಪಕ್ಕದಲ್ಲಿ ನಿಲ್ಲುತ್ತಿದ್ದ 'ಬಿಗ್ ಡ್ಯಾಡಿ' ಲಿಪ್ಸ್‌ಕೊಂಬ್ ಕಾಲೇಜಿನ ಮೆಟ್ಟಿಲನ್ನೇ ಹತ್ತಿದವರಲ್ಲ. ಇನ್ನೊಂದು ತಂಡ ಬೇಡವೆಂದು ಬಿಟ್ಟಾಗ ಕೋಲ್ಟ್ಸ್ ನೂರು ಡಾಲರ್ ಶುಲ್ಕ ಕಟ್ಟಿ ಕರೆತಂದಿತ್ತು.

ತಂಡದ ಜೀವವಾಗಿದ್ದ ಜೋಡಿ ಮಾತ್ರ ಸರದಿಯ ತೀರಾ ಕೆಳಗಿನಿಂದ ಬಂದದ್ದು.

ಜಾನಿ ಯುನೈಟಸ್‌ರನ್ನು 1955ರಲ್ಲಿ ಪಿಟ್ಸ್‌ಬರ್ಗ್ ತಂಡ ಒಂಬತ್ತನೆಯ ಸುತ್ತಿನಲ್ಲಿ ಆರಿಸಿಕೊಂಡು, ಒಂದು ಪಂದ್ಯವನ್ನೂ ಆಡಿಸದೆ ಮನೆಗೆ ಕಳಿಸಿತ್ತು. ಕಟ್ಟಡದ ಕೆಲಸ ಮಾಡುತ್ತ, ಪಿಟ್ಸ್‌ಬರ್ಗಿನ ಬ್ಲೂಮ್‌ಫೀಲ್ಡ್ ಬಡಾವಣೆಯ ತಂಡಕ್ಕೆ ಪಂದ್ಯಕ್ಕೆ ಆರು ಡಾಲರಿನಂತೆ ಆಡುತ್ತಿದ್ದ ಅವರಿಗೆ ಕೋಲ್ಟ್ಸ್‌ನಿಂದ ಒಂದು ಫೋನ್ ಕರೆ ಬಂತು. 1956ರಲ್ಲಿ ಮೊದಲ ಕ್ವಾರ್ಟರ್‌ಬ್ಯಾಕ್ ಜಾರ್ಜ್ ಶಾ ಮೊಣಕಾಲಿಗೆ ಪೆಟ್ಟಾದಾಗ ಯುನೈಟಸ್ ಕಣಕ್ಕಿಳಿದರು. ಅವರ ಮೊದಲ ಎಸೆತವನ್ನು ಎದುರಾಳಿ ಹಿಡಿದು ಟಚ್‌ಡೌನ್ ಮಾಡಿದ. ಆದರೂ ತಂಡ ಅವರನ್ನು ಕೈಬಿಡಲಿಲ್ಲ.

ಆ ಎಸೆತಗಳನ್ನು ಹಿಡಿಯುತ್ತಿದ್ದ ರೇಮಂಡ್ ಬೆರಿ ಇಪ್ಪತ್ತನೆಯ ಸುತ್ತಿನ ಆಯ್ಕೆ. ಕಣ್ಣು ಮಂಜು, ಓಟ ಸಾಧಾರಣ. ಬೆರಳುಗಳಿಗೆ ಬಲ ಬರಲೆಂದು ಮಕ್ಕಳು ಆಡುವ ರಬ್ಬರಿನಂತಹ ಮುದ್ದೆಯನ್ನು ಹಗಲೆಲ್ಲ ಹಿಸುಕುತ್ತಿದ್ದರು. ಎದುರಾಳಿಯಿಂದ ತಪ್ಪಿಸಿಕೊಳ್ಳಲು 88 ಬಗೆಯ ಹೆಜ್ಜೆಗಳನ್ನು ಪಟ್ಟಿಮಾಡಿ ರೂಢಿಸಿಕೊಂಡಿದ್ದರು. ಅಭ್ಯಾಸ ಮುಗಿದು ಉಳಿದವರು ಸ್ನಾನಕ್ಕೆ ಹೋದ ಮೇಲೂ ಇವರಿಬ್ಬರು ಮೈದಾನದಲ್ಲಿ ಉಳಿಯುತ್ತಿದ್ದರು. ಯುನೈಟಸ್ ಎಸೆಯುತ್ತಿದ್ದರು, ಬೆರಿ ಹಿಡಿಯುತ್ತಿದ್ದರು. ಇದು ಬರೀ ಶ್ರದ್ಧೆಯ ಮಾತಲ್ಲ, ಇದರಲ್ಲೊಂದು ತಂತ್ರವಿದೆ. ಹಿಡಿಯುವವನು ತಿರುಗಿದ ಮೇಲೆ ಎಸೆದರೆ ತಡವಾಗುತ್ತದೆ. ಅವನು ತಿರುಗುವ ಮೊದಲೇ, ಅವನು ಬಂದು ನಿಲ್ಲಲಿರುವ ಜಾಗಕ್ಕೆ ಚೆಂಡು ಹೊರಟಿರಬೇಕು. ಅಂತಹ ನಂಬಿಕೆ ಸಾವಿರಾರು ಬಾರಿ ಎಸೆದು ಹಿಡಿದಲ್ಲದೆ ಕೂಡಿಬರುವುದಿಲ್ಲ.

ಹನ್ನೆರಡು ಪಂದ್ಯಗಳ ಋತು

1958ರಲ್ಲಿ ಲೀಗಿನಲ್ಲಿದ್ದದ್ದು ಹನ್ನೆರಡು ತಂಡ, ಪೂರ್ವ ಮತ್ತು ಪಶ್ಚಿಮ ಎಂಬ ಎರಡು ಗುಂಪು. ಪ್ರತಿ ತಂಡಕ್ಕೆ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ ಹನ್ನೆರಡು ಪಂದ್ಯ. ಗುಂಪಿನ ಅಗ್ರ ತಂಡಗಳು ಪ್ರಶಸ್ತಿಗಾಗಿ ಒಂದೇ ಒಂದು ಪಂದ್ಯ ಆಡುತ್ತಿದ್ದವು. ಸೆಮಿಫೈನಲ್‌ಗಳ ಸಾಲು ಇರಲಿಲ್ಲ, ಇಂದಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಇನ್ನೂ ಹುಟ್ಟಿರಲಿಲ್ಲ. ಭೂಪಟದಲ್ಲಿ ಪೂರ್ವಕ್ಕಿದ್ದರೂ ಬಾಲ್ಟಿಮೋರ್ ಇದ್ದದ್ದು ಪಶ್ಚಿಮದ ಗುಂಪಿನಲ್ಲಿ.

ಕೋಲ್ಟ್ಸ್ ಮೊದಲ ಆರು ಪಂದ್ಯಗಳನ್ನೂ ಗೆದ್ದಿತು. ಆರನೆಯದು ನವೆಂಬರ್ 2ರಂದು ಗ್ರೀನ್ ಬೇ ಪ್ಯಾಕರ್ಸ್ ವಿರುದ್ಧ, 56-0. ಅಂತಹ ಗೆಲುವಿನ ದಿನವೇ ಪೆಟ್ಟು ಬಿತ್ತು. ಎದುರಾಳಿಯ ಹೊಡೆತಕ್ಕೆ ಯುನೈಟಸ್‌ರ ಪಕ್ಕೆಲುಬುಗಳು ಮುರಿದು ಶ್ವಾಸಕೋಶಕ್ಕೆ ಚುಚ್ಚಿದವು. ಮರುವಾರ ಅವರಿಲ್ಲದೆ ನ್ಯೂಯಾರ್ಕಿನಲ್ಲಿ ಜೈಂಟ್ಸ್ ವಿರುದ್ಧ 24-21ರಿಂದ ಸೋಲು. ಅದರ ನಂತರ ಷಿಕಾಗೋದಲ್ಲಿ ಜಾರ್ಜ್ ಶಾ ನಾಯಕತ್ವದಲ್ಲೇ 17-0 ಗೆಲುವು.

ನವೆಂಬರ್ 23ರಂದು ಯುನೈಟಸ್ ಎದೆಗೆ ಅಲ್ಯೂಮಿನಿಯಂ ಮತ್ತು ಸ್ಪಂಜಿನ ಕವಚ ಕಟ್ಟಿಕೊಂಡು ಮರಳಿದರು. ಲಾಸ್ ಏಂಜಲೀಸ್ ರ‍್ಯಾಮ್ಸ್ ವಿರುದ್ಧ ಅಂದು ಅವರ ಮೊದಲ ಎಸೆತ ಲೆನ್ನಿ ಮೂರ್ ಕೈಸೇರಿ 58 ಗಜದ ಟಚ್‌ಡೌನ್ ಆಯಿತು. ಪಂದ್ಯ 34-7.

ಮುಂದಿನ ವಾರದ ಪಂದ್ಯವೇ ಈ ಋತುವಿನ ನಿಜವಾದ ತಿರುವು ಎಂದು ನನಗನಿಸುತ್ತದೆ. ಕೊನೆಯ ಪಂದ್ಯದ ಬೆಳಕಿನಲ್ಲಿ ಇದು ಮಂಕಾಗಿ ಕಾಣುತ್ತದೆ ಅಷ್ಟೆ. ನವೆಂಬರ್ 30, ಬಾಲ್ಟಿಮೋರಿನ ಮೆಮೋರಿಯಲ್ ಕ್ರೀಡಾಂಗಣ, ಎದುರಿಗೆ ಸ್ಯಾನ್ ಫ್ರಾನ್ಸಿಸ್ಕೋ. ವಿರಾಮದ ಹೊತ್ತಿಗೆ ಕೋಲ್ಟ್ಸ್ 7, ಎದುರಾಳಿ 27. ದ್ವಿತೀಯಾರ್ಧದಲ್ಲಿ ರಕ್ಷಣೆಯ ಸಾಲು ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲ. ಮೂರ್ 73 ಗಜ ಓಡಿ ಟಚ್‌ಡೌನ್ ಮಾಡಿದರು. ಕೊನೆಗೆ 35-27. ಎರಡು ಪಂದ್ಯ ಬಾಕಿ ಇರುವಾಗಲೇ ಪಶ್ಚಿಮ ಗುಂಪು ಅವರದಾಯಿತು. ಉಳಿದ ಎರಡನ್ನು ಪಶ್ಚಿಮ ಕರಾವಳಿಯಲ್ಲಿ ಸೋತರು. ಒಟ್ಟು ಒಂಬತ್ತು ಗೆಲುವು, ಮೂರು ಸೋಲು. ಹೊಡೆದ ಅಂಕ 381, ಬಿಟ್ಟುಕೊಟ್ಟದ್ದು 203.

ಪೂರ್ವದಲ್ಲಿ ಜೈಂಟ್ಸ್ ಮತ್ತು ಕ್ಲೀವ್‌ಲ್ಯಾಂಡ್ ಸಮವಾಗಿ ನಿಂತಿದ್ದರಿಂದ ಅವರಿಬ್ಬರ ನಡುವೆ ಹೆಚ್ಚುವರಿ ಪಂದ್ಯ ನಡೆದು ಜೈಂಟ್ಸ್ 10-0 ಗೆದ್ದಿತು. ಆ ಜೈಂಟ್ಸ್ ತಂಡದ ಸಹಾಯಕ ತರಬೇತುದಾರರ ಹೆಸರು ಕೇಳಿ: ದಾಳಿಗೆ ವಿನ್ಸ್ ಲೊಂಬಾರ್ಡಿ, ರಕ್ಷಣೆಗೆ ಟಾಮ್ ಲ್ಯಾಂಡ್ರಿ. ಇಂದು ಸೂಪರ್ ಬೌಲ್ ಗೆದ್ದವರಿಗೆ ಕೊಡುವ ಟ್ರೋಫಿ ಆ ಲೊಂಬಾರ್ಡಿ ಹೆಸರಿನದೇ.

ಸರಪಳಿ ಅಳೆದ ಅಂಗುಲಗಳು

ಡಿಸೆಂಬರ್ 28, 1958. ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣ, 64,185 ಪ್ರೇಕ್ಷಕರು. ಬಾಲ್ಟಿಮೋರಿನಿಂದ ರೈಲಿನಲ್ಲಿ, ಬಸ್ಸಿನಲ್ಲಿ ಬಂದವರು ಸಾವಿರಾರು. ಪಂದ್ಯಕ್ಕೆ ಮೊದಲು ಯೂಬ್ಯಾಂಕ್ ಒಬ್ಬೊಬ್ಬ ಆಟಗಾರನ ಹೆಸರು ಹಿಡಿದು, ನಿನ್ನನ್ನು ಯಾವ ತಂಡ ಹೇಗೆ ಬೇಡವೆಂದಿತ್ತು ಎಂದು ನೆನಪಿಸುತ್ತ ಹೋದರು.

ಅರ್ಧ ಆಟಕ್ಕೆ ಕೋಲ್ಟ್ಸ್ 14-3ರಿಂದ ಮುಂದಿತ್ತು. ಮೂರನೆಯ ಭಾಗದಲ್ಲಿ ಕೋಲ್ಟ್ಸ್ ಎದುರಾಳಿಯ ಗುರಿಗೆರೆಯ ಹೊಸ್ತಿಲಿಗೇ ಬಂದು ನಿಂತಿತು. ಇನ್ನೊಂದು ಟಚ್‌ಡೌನ್ ಆಗಿದ್ದರೆ ಪಂದ್ಯವೇ ಮುಗಿದಂತೆ. ನಾಲ್ಕೂ ಡೌನ್ ಯತ್ನಿಸಿದರು, ಜೈಂಟ್ಸ್ ನಾಲ್ಕನ್ನೂ ತಡೆಯಿತು. ಮೇಲೆ ಹೇಳಿದ ನಿಯಮದಂತೆ ಚೆಂಡು ಅಲ್ಲಿಯೇ ಎದುರಾಳಿಯ ಪಾಲಾಯಿತು. ಕೆಲವೇ ಕ್ಷಣಗಳಲ್ಲಿ ಜೈಂಟ್ಸ್‌ನ ಚಾರ್ಲಿ ಕಾನರ್ಲಿ ಎಸೆದ ಚೆಂಡನ್ನು ಕೈಲ್ ರೋಟ್ ಹಿಡಿದು ಓಡಿದರು, ಬೀಳಿಸಿದರು. ಬಿದ್ದ ಚೆಂಡನ್ನು ಅವರದೇ ತಂಡದ ಅಲೆಕ್ಸ್ ವೆಬ್‌ಸ್ಟರ್ ಎತ್ತಿಕೊಂಡು ಕೋಲ್ಟ್ಸ್ ಗೆರೆಯ ಸಮೀಪಕ್ಕೆ ಒಯ್ದರು. ಒಂದೇ ಯತ್ನದಲ್ಲಿ 86 ಗಜ! ಅಲ್ಲಿಂದ ಟಚ್‌ಡೌನ್. ನಾಲ್ಕನೆಯ ಭಾಗದಲ್ಲಿ ಇನ್ನೊಂದು. ಜೈಂಟ್ಸ್ 17, ಕೋಲ್ಟ್ಸ್ 14.

ಕೊನೆಯ ನಿಮಿಷಗಳು. ಚೆಂಡು ಜೈಂಟ್ಸ್ ಕೈಯಲ್ಲಿ, ಮೂರನೆಯ ಡೌನ್, ಬೇಕಾದದ್ದು ನಾಲ್ಕು ಗಜ. ಅದು ಸಿಕ್ಕಿದರೆ ಅವರು ಚೆಂಡು ಬಿಡದೆ ಗಡಿಯಾರ ಓಡಿಸಿಬಿಡುತ್ತಿದ್ದರು. ಫ್ರ್ಯಾಂಕ್ ಗಿಫರ್ಡ್ ಚೆಂಡು ಹಿಡಿದು ನುಗ್ಗಿದರು. ಮಾರ್ಚೆಟ್ಟಿ ಅವರನ್ನು ಹಿಡಿದು ಕೆಡವಿದರು. ಮೇಲಿನಿಂದ ಬಂದು ಬಿದ್ದ ಲಿಪ್ಸ್‌ಕೊಂಬ್ ಭಾರಕ್ಕೆ ಮಾರ್ಚೆಟ್ಟಿಯ ಕಾಲೇ ಮುರಿಯಿತು. ನೋವಿನ ಕೂಗು, ಗದ್ದಲ. ಈ ನಡುವೆ ಅಂಪೈರುಗಳು ಚೆಂಡನ್ನು ನೆಲಕ್ಕಿಟ್ಟು, ಎರಡು ಕೋಲುಗಳ ನಡುವೆ ಕಟ್ಟಿದ ಹತ್ತು ಗಜದ ಸರಪಳಿ ತಂದು ಎಳೆದು ನೋಡಿದರು. ಅಂಗುಲಗಳಷ್ಟು ಕಡಿಮೆ! ಆ ಅಳತೆ ತಪ್ಪು, ನಾನು ಗೆರೆ ಮುಟ್ಟಿದ್ದೆ ಎಂದು ಗಿಫರ್ಡ್ ಮುಂದೆಯೂ ಹೇಳುತ್ತಲೇ ಇದ್ದರು. ಈ ಆಟದಲ್ಲಿ ಸರಪಳಿಯನ್ನು ಕಂಡು ಜನ ಉಸಿರು ಬಿಗಿಹಿಡಿಯುವುದೇಕೆ ಎಂದು ಯಾರಾದರೂ ಕೇಳಿದರೆ ಈ ಪ್ರಸಂಗ ಹೇಳಬಹುದು.

ಮಾರ್ಚೆಟ್ಟಿಯನ್ನು ಸ್ಟ್ರೆಚರ್ ಮೇಲೆ ಹೊತ್ತೊಯ್ಯುವಾಗ ಅವರು ಒಳಗೆ ಹೋಗಲು ಒಪ್ಪಲಿಲ್ಲ. ಮೈದಾನದ ಅಂಚಿನಲ್ಲೇ ಇಳಿಸಿಕೊಂಡು, ಮಲಗಿದಲ್ಲಿಂದಲೇ ತಲೆಯೆತ್ತಿ ಆಟ ನೋಡಿದರು.

ಎರಡು ನಿಮಿಷ, 73 ಗಜ

ಜೈಂಟ್ಸ್ ಪಂಟ್ ಮಾಡಿತು. ಕೋಲ್ಟ್ಸ್‌ಗೆ ಚೆಂಡು ಸಿಕ್ಕಿದ್ದು ತಮ್ಮದೇ ತುದಿಯಿಂದ 14 ಗಜದಲ್ಲಿ. ಮುಂದೆ 86 ಗಜ ನೆಲ, ಉಳಿದದ್ದು ಎರಡು ನಿಮಿಷಕ್ಕೂ ಕಡಿಮೆ. ಮೊದಲ ಎರಡು ಎಸೆತಗಳು ನೆಲಕ್ಕೆ ಬಿದ್ದವು. ಗಡಿಯಾರ ನಿಂತಿತು ಎಂಬುದಷ್ಟೇ ಲಾಭ. ಮೂರನೆಯದನ್ನು ಮೂರ್ ಹಿಡಿದರು, 11 ಗಜ. ಹೊಸ ನಾಲ್ಕು ಡೌನ್. ಮತ್ತೊಂದು ಎಸೆತ ವ್ಯರ್ಥ.

ಆಮೇಲೆ ಸತತ ಮೂರು ಬಾರಿ ಯುನೈಟಸ್ ಒಬ್ಬರಿಗೇ ಎಸೆದರು. ಬೆರಿಗೆ 25 ಗಜ. ಬೆರಿಗೆ 15. ಬೆರಿಗೆ 22. ಎಲ್ಲರಿಗೂ ಗೊತ್ತಿದ್ದರೂ ತಡೆಯಲಾಗಲಿಲ್ಲ. ಅಭ್ಯಾಸ ಮುಗಿದ ಮೇಲೆ ಖಾಲಿ ಮೈದಾನದಲ್ಲಿ ಆಡುತ್ತಿದ್ದ ಆಟವನ್ನೇ ಅವರಿಬ್ಬರು ಅಂದು ಅರವತ್ತು ಸಾವಿರ ಜನರ ನಡುವೆ ಆಡಿದರು.

ಚೆಂಡೀಗ ಎದುರಾಳಿಯ 13 ಗಜದ ಗೆರೆಯಲ್ಲಿ. ಗಡಿಯಾರ ಓಡುತ್ತಿದೆ. ಒದೆಯುವ ಸ್ಟೀವ್ ಮೈರಾ ಧಾವಿಸಿ ಬಂದರು. ಅದೇ ಪಂದ್ಯದಲ್ಲಿ ಅವರ ಒಂದು ಒದೆತವನ್ನು ಎದುರಾಳಿಗಳು ಅಡ್ಡಗಟ್ಟಿದ್ದರು. ಈ ಬಾರಿ ಚೆಂಡು 20 ಗಜ ದೂರದಿಂದ ಕಂಬಗಳ ನಡುವೆ ಹಾದುಹೋಯಿತು. 17-17. ಉಳಿದದ್ದು ಏಳು ಸೆಕೆಂಡು.

ಸಮಯ ಕಡಿಮೆಯಿದ್ದಾಗ ಬೇಗಬೇಗ ಎಸೆಯುತ್ತ ಗಡಿಯಾರದೊಡನೆ ಹೋರಾಡುವ ಈ ಕ್ರಮವನ್ನು ಈಗ ಪ್ರತಿ ತಂಡವೂ ಪ್ರತ್ಯೇಕವಾಗಿ ಅಭ್ಯಾಸ ಮಾಡುತ್ತದೆ. ಅದಕ್ಕೆ ಮಾದರಿ ಎಂದು ಇಂದಿಗೂ ತೋರಿಸುವುದು ಆ ಸಂಜೆಯ ಯುನೈಟಸ್‌ರನ್ನೇ.

'ಹಠಾತ್ ಸಾವು' ಎಂಬ ನಿಯಮ

ಸಾಮಾನ್ಯ ಪಂದ್ಯಗಳು ಆಗ ಸಮವಾದರೆ ಸಮವೇ. ಇಬ್ಬರೂ ಮನೆಗೆ ಹೋಗುತ್ತಿದ್ದರು. ಪ್ರಶಸ್ತಿ ಪಂದ್ಯಕ್ಕೆ ಹಾಗಾಗದು. ಹೆಚ್ಚುವರಿ ಅವಧಿ ಆಡಿಸಿ, ಅದರಲ್ಲಿ ಮೊದಲು ಅಂಕ ಗಳಿಸಿದವರೇ ಗೆದ್ದರು ಎಂದು ಅಲ್ಲಿಗೇ ಆಟ ನಿಲ್ಲಿಸಬೇಕೆಂಬ ನಿಯಮ ಪುಸ್ತಕದಲ್ಲಿತ್ತು. ಅದರ ಹೆಸರನ್ನು ಕನ್ನಡಕ್ಕೆ ತಂದರೆ 'ಹಠಾತ್ ಸಾವು'. ಆದರೆ ಅದುವರೆಗೆ ಯಾವ ಪ್ರಶಸ್ತಿ ಪಂದ್ಯವೂ ಅಲ್ಲಿಯವರೆಗೆ ಹೋಗಿರಲಿಲ್ಲ. ಮುಂದೇನು ಎಂದು ತಿಳಿಯದೆ ನಿಂತ ಆಟಗಾರರೂ ಇದ್ದರು.

ಕ್ರಿಕೆಟ್ಟಿನ ಸೂಪರ್ ಓವರಿನಲ್ಲಿ ಎರಡೂ ತಂಡಗಳಿಗೆ ಆರಾರು ಎಸೆತ ಸಿಗುತ್ತವೆ. ಹಠಾತ್ ಸಾವಿನಲ್ಲಿ ಅಂತಹ ಸಮಪಾಲು ಇರಲಿಲ್ಲ. ನಾಣ್ಯ ಗೆದ್ದು ಚೆಂಡು ಪಡೆದವನು ನೇರವಾಗಿ ಹೋಗಿ ಅಂಕ ಗಳಿಸಿದರೆ ಎದುರಾಳಿಗೆ ಚೆಂಡು ಮುಟ್ಟುವ ಅವಕಾಶವೂ ಇಲ್ಲ. ಈ ಅನ್ಯಾಯದ ಬಗ್ಗೆ ದಶಕಗಳ ಕಾಲ ಚರ್ಚೆ ನಡೆಯಿತು. ಈಗ ನಿಯಮ ಬದಲಾಗಿ, 2022ರಿಂದ ನಾಕೌಟ್ ಪಂದ್ಯಗಳಲ್ಲೂ 2025ರಿಂದ ಸಾಮಾನ್ಯ ಪಂದ್ಯಗಳಲ್ಲೂ ಎರಡೂ ತಂಡಗಳಿಗೆ ಚೆಂಡು ಸಿಗುವಂತೆ ಮಾಡಲಾಗಿದೆ.

ಅಂದು ನಾಣ್ಯ ಗೆದ್ದದ್ದು ಜೈಂಟ್ಸ್. ಮೂರು ಡೌನ್‌ಗಳಲ್ಲಿ ಹತ್ತು ಗಜ ಆಗಲಿಲ್ಲ, ಪಂಟ್ ಮಾಡಿದರು. ಕೋಲ್ಟ್ಸ್ ಮುಂದೆ 80 ಗಜ. ಯುನೈಟಸ್‌ಗೆ ಈಗ ಗಡಿಯಾರದ ಭಯವಿಲ್ಲ. ಒಮ್ಮೆ ಓಟ, ಒಮ್ಮೆ ಎಸೆತ. ಎಸೆತ ಬಂತೆಂದು ಕಾದವರ ನಡುವಿನಿಂದ ಅಮೀಚಿ 23 ಗಜ ಓಡಿದರು. ಚೆಂಡು ಗುರಿಗೆ ಎಂಟು ಗಜ ದೂರವಿದ್ದಾಗ ದೇಶದ ಟಿವಿಗಳೆಲ್ಲ ಕಪ್ಪಾದವು. ಎಲ್ಲೋ ಕೇಬಲ್ ಕಳಚಿತ್ತು. ಅದೇ ಹೊತ್ತಿಗೆ ಒಬ್ಬ ವ್ಯಕ್ತಿ ಮೈದಾನಕ್ಕೆ ನುಗ್ಗಿ ಪೊಲೀಸರನ್ನು ಓಡಾಡಿಸಿದ. ಆಟ ನಿಂತಿತು, ಕೇಬಲ್ ಸರಿಯಾಯಿತು, ಚಿತ್ರ ಮರಳಿತು.

ಅಲ್ಲಿಂದ ಫೀಲ್ಡ್ ಗೋಲ್ ಒದ್ದಿದ್ದರೂ ಗೆಲುವೇ. ಆದರೆ ಯುನೈಟಸ್ ಎಸೆದರು. ಜಿಮ್ ಮಟ್ಷೆಲರ್ ಹಿಡಿದು ಒಂದು ಗಜದ ಗೆರೆಯ ಬಳಿ ಹೊರಬಿದ್ದರು. ಮುಂದಿನ ಯತ್ನದಲ್ಲಿ ಅಮೀಚಿ ತಲೆ ತಗ್ಗಿಸಿ ಬಲಗಡೆಯ ಬಿರುಕಿನೊಳಗೆ ನುಗ್ಗಿದರು. ಹೆಚ್ಚುವರಿ ಅವಧಿಯ 8 ನಿಮಿಷ 15 ಸೆಕೆಂಡು. 23-17. ಒಂದು ಅಂಕದ ಒದೆತಕ್ಕೂ ಯಾರೂ ನಿಲ್ಲಲಿಲ್ಲ. ಬಾಲ್ಟಿಮೋರಿನಿಂದ ಬಂದವರು ಮೈದಾನಕ್ಕಿಳಿದು ಗೋಲಿನ ಕಂಬಗಳನ್ನೇ ಕಿತ್ತರು.

ಬೆರಿ ಅಂದು ಹಿಡಿದದ್ದು 12 ಎಸೆತ, 178 ಗಜ. ಯುನೈಟಸ್ ಎಸೆದದ್ದು 349 ಗಜ. ಗೆದ್ದ ತಂಡದ ಆಟಗಾರನೊಬ್ಬನ ಪಾಲಿಗೆ ಬಂದ ಹಣ ಸುಮಾರು 4,700 ಡಾಲರ್.

ಟಿವಿಗೆ ಸಿಕ್ಕ ಆಟ

ಈ ಪಂದ್ಯ ಇಷ್ಟು ದೊಡ್ಡದಾದದ್ದು ಆಟದಿಂದ ಮಾತ್ರವಲ್ಲ, ಕಾಲದಿಂದಲೂ ಹೌದು. 1950ರಲ್ಲಿ ಅಮೆರಿಕದ ಹತ್ತು ಮನೆಗಳಲ್ಲಿ ಒಂದರಲ್ಲೂ ಟಿವಿ ಇರಲಿಲ್ಲ. 1958ರ ಹೊತ್ತಿಗೆ ಹತ್ತರಲ್ಲಿ ಎಂಟು ಮನೆಗೆ ಬಂದಿತ್ತು. ಎನ್‌ಬಿಸಿ ಪ್ರಸಾರ ಮಾಡಿದ ಈ ಪಂದ್ಯವನ್ನು ಸುಮಾರು 4.5 ಕೋಟಿ ಜನ ನೋಡಿದರೆಂದು ಅಂದಾಜು. ಅಚ್ಚರಿಯೆಂದರೆ ನ್ಯೂಯಾರ್ಕಿನ ಮನೆಗಳಲ್ಲೇ ಅದು ಕಾಣಲಿಲ್ಲ. ಟಿಕೆಟ್ ಮಾರಾಟಕ್ಕೆ ಪೆಟ್ಟಾಗದಿರಲೆಂದು ಪಂದ್ಯ ನಡೆಯುವ ಊರಿನಲ್ಲಿ ಪ್ರಸಾರ ತಡೆಹಿಡಿಯುವುದು ಲೀಗಿನ ಆಗಿನ ನಿಯಮ. ಸಾಲದೆಂಬಂತೆ ಆ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಪತ್ರಿಕೆ ವಿತರಕರ ಮುಷ್ಕರ.

ಅಲ್ಲಿಯವರೆಗೆ ಅಮೆರಿಕದ ಮನೆಮಾತಾಗಿದ್ದ ಆಟ ಬೇಸ್‌ಬಾಲ್. ಟಿವಿಗೆ ಹೆಚ್ಚು ಒಗ್ಗಿದ್ದು ಫುಟ್‌ಬಾಲ್. ಕಾರಣ ಆ ನಡುನಡುವಿನ ನಿಲುಗಡೆಯೇ. ಆರು ಸೆಕೆಂಡಿನ ಸಿಡಿತ, ನಂತರ ಅರ್ಧ ನಿಮಿಷ ಏನಾಯಿತೆಂದು ವಿವರಿಸಲು, ಮುಂದೇನೆಂದು ಊಹಿಸಲು, ಜಾಹೀರಾತು ತೋರಿಸಲು ಬಿಡುವು. ಹೊಸಬರಿಗೆ ಬೇಸರ ತರಿಸುವ ಆ ವಿರಾಮಗಳೇ ಈ ಆಟವನ್ನು ಟಿವಿಯ ಮುದ್ದಿನ ಕೂಸಾಗಿಸಿದವು.

ಆ ಪಂದ್ಯವನ್ನು ಟಿವಿಯಲ್ಲಿ ನೋಡಿದವರಲ್ಲಿ ಟೆಕ್ಸಸ್ಸಿನ ಯುವ ಶ್ರೀಮಂತ ಲಮಾರ್ ಹಂಟ್ ಒಬ್ಬರು. ಎನ್‌ಎಫ್‌ಎಲ್ ತಂಡ ಕೊಳ್ಳಲು ಯತ್ನಿಸಿ ವಿಫಲರಾಗಿದ್ದ ಅವರು ಹೊಸ ಲೀಗನ್ನೇ ಕಟ್ಟಿದರು. 1960ರಲ್ಲಿ ಎಂಟು ತಂಡಗಳೊಡನೆ ಅದು ಆರಂಭವಾಯಿತು. ಎರಡು ಲೀಗ್‌ಗಳ ಪೈಪೋಟಿ 1966ರಲ್ಲಿ ವಿಲೀನದ ಒಪ್ಪಂದಕ್ಕೆ ಬಂತು. ಎರಡರ ಚಾಂಪಿಯನ್ನರು ಎದುರಾಗಲೆಂದು 1967ರ ಜನವರಿಯಲ್ಲಿ ಆರಂಭವಾದ ಪಂದ್ಯವೇ ಸೂಪರ್ ಬೌಲ್. ಇತ್ತ ಎನ್‌ಎಫ್‌ಎಲ್, ಎಲ್ಲ ತಂಡಗಳ ಪ್ರಸಾರ ಹಕ್ಕನ್ನು ಒಟ್ಟಿಗೆ ಮಾರಲು 1961ರ ಕಾನೂನಿನಿಂದ ಅನುಮತಿ ಪಡೆದು, 1962ರಲ್ಲಿ ಸಿಬಿಎಸ್‌ಗೆ ವರ್ಷಕ್ಕೆ 46.5 ಲಕ್ಷ ಡಾಲರಿಗೆ ಕೊಟ್ಟು, ಹಣವನ್ನು ಸಮನಾಗಿ ಹಂಚಿತು. ಸಣ್ಣ ಊರಿನ ತಂಡಗಳು ಬದುಕಿ ಉಳಿಯಲು ಈ ಸಮಹಂಚಿಕೆ ದೊಡ್ಡ ಆಸರೆಯಾಯಿತು.

ಮತ್ತೆ ಖಾಲಿಯಾದ ಮೈದಾನ

1959ರ ಪ್ರಶಸ್ತಿ ಪಂದ್ಯದಲ್ಲೂ ಕೋಲ್ಟ್ಸ್ ಅದೇ ಜೈಂಟ್ಸ್ ತಂಡವನ್ನು, ಈ ಬಾರಿ ತನ್ನ ಊರಿನಲ್ಲೇ, 31-16ರಿಂದ ಸೋಲಿಸಿತು. ಯೂಬ್ಯಾಂಕ್ ಕೆಲವು ವರ್ಷಗಳ ನಂತರ ತಂಡ ಬಿಡಬೇಕಾಯಿತು. 1969ರ ಜನವರಿಯ ಸೂಪರ್ ಬೌಲ್‌ನಲ್ಲಿ ಅವರು ನ್ಯೂಯಾರ್ಕ್ ಜೆಟ್ಸ್‌ನ ತರಬೇತುದಾರರಾಗಿ ಬಂದು ಕೋಲ್ಟ್ಸ್ ತಂಡವನ್ನೇ ಮಣಿಸಿದರು.

ಅಮೆರಿಕದಲ್ಲಿ ತಂಡ ಊರಿನ ಆಸ್ತಿಯಲ್ಲ, ಮಾಲೀಕನದು. ಬೇರೆ ಊರು ಹೆಚ್ಚು ಅನುಕೂಲ ಮಾಡಿಕೊಟ್ಟರೆ ಅವನು ಅದನ್ನು ಅಲ್ಲಿಗೆ ಒಯ್ಯಬಹುದು. ಹೊಸ ಕ್ರೀಡಾಂಗಣದ ಜಗಳ ವರ್ಷಗಟ್ಟಲೆ ನಡೆದು, 1984ರ ಮಾರ್ಚ್ ಕೊನೆಯ ಒಂದು ರಾತ್ರಿ, ಆಗಿನ ಮಾಲೀಕರು ಸಾಮಾನು ಸಾಗಿಸುವ ಲಾರಿಗಳನ್ನು ತರಿಸಿ ಹೆಲ್ಮೆಟ್ಟು, ಕಡತ, ಪೆಟ್ಟಿಗೆಗಳನ್ನೆಲ್ಲ ತುಂಬಿಸಿದರು. ಬೆಳಗಾಗುವಷ್ಟರಲ್ಲಿ ಕೋಲ್ಟ್ಸ್ ಇಂಡಿಯಾನಾಪೊಲಿಸ್ ದಾರಿಯಲ್ಲಿತ್ತು. ಇಂದಿಗೂ ಆ ತಂಡ ಅಲ್ಲೇ ಇದೆ, ಲಾಳದ ಗುರುತೂ ಅದೇ. ಹೊಸ ಊರಿನ ದಾಖಲೆ ಪುಸ್ತಕದಲ್ಲಿ ತಮ್ಮ ಹೆಸರು ಸೇರಿದ್ದನ್ನು ಯುನೈಟಸ್ ಕೊನೆಯವರೆಗೂ ಒಪ್ಪಲಿಲ್ಲ.

ವಾದ್ಯಮೇಳ ಈ ಬಾರಿಯೂ ಬಾಲ್ಟಿಮೋರಿನಲ್ಲೇ ಉಳಿಯಿತು. 1996ರಲ್ಲಿ ರೇವನ್ಸ್ ಎಂಬ ಹೊಸ ತಂಡ ಬರುವವರೆಗೆ ಹನ್ನೆರಡು ವರ್ಷ, ಮೆರವಣಿಗೆಗಳಲ್ಲಿ, ಬೇರೆ ಊರುಗಳ ಪಂದ್ಯಗಳ ವಿರಾಮದಲ್ಲಿ, ಅವರು ಕೋಲ್ಟ್ಸ್ ಹಾಡನ್ನು ನುಡಿಸುತ್ತಲೇ ಇದ್ದರು.